ಮಕ್ಕಳು ಉತ್ತರಕ್ಕೆ ಮೇಷ್ಟ್ರ ಬಾಯಿ ನೋಡದೆ ತಾವೇ ಯೋಚಿಸುವಂತೆ ಮಾಡುವುದು ಹೇಗೆ?

ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಸುಮ್ನಿರಿ. ನಾವು ಒಂದು ಸೆಕೆಂಡೂ ಕಾಯುವುದಿಲ್ಲ, ಉತ್ತರ ನಾವೇ ಹೇಳಿಬಿಡುತ್ತೇವೆ. 3 ಸೆಕೆಂಡಿಗಿಂತ ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು.

ಪ್ರಶ್ನೆಯೂ ಊರಿನದ್ದಾಗಿರಲಿ. ನಾನು ಚಿತ್ರದುರ್ಗದಲ್ಲಿ ಏಳನೇ ತರಗತಿಗೆ ಪಾಠ ಮಾಡುತ್ತೇನೆ. ‘ಕೋಟೆ ತುಂಬಾ ಬಂಡೆ, ಮಳೆಯೂ ಕಮ್ಮಿ. ಮೇಲಿದ್ದವರಿಗೆ ನೀರು ಎಲ್ಲಿಂದ?’ ಎಂದು ಕೇಳಿ ಕಾದೆ. ಒಬ್ಬಳು ನೋಟ್‌ಬುಕ್ ಓರೆ ಹಿಡಿದು ರಟ್ಟಿನ ಮೇಲೆ ನಾಲ್ಕು ಹನಿ ಬಿಟ್ಟಳು. ಹನಿ ಜಾರಿ ಅಂಗೈಯಲ್ಲಿ ನಿಂತಿತು. ‘ಸಾರ್, ಗೋಪಾಲಸ್ವಾಮಿ ಹೊಂಡ ಹಿಂಗೇ ಅಲ್ವಾ?’ ಸರಿ ಅಂತ ನಾನು ಹೇಳಲಿಲ್ಲ. ‘ಅದು ತುಂಬಿದ ಮೇಲೆ?’ ಎಂದೆ. ಭಾನುವಾರ ನಾಲ್ವರು ಕೋಟೆ ಹತ್ತಿದರು. ನೀರು ಅಲ್ಲಿಂದ ಅಕ್ಕ-ತಂಗಿ ಹೊಂಡಕ್ಕೆ, ಆಮೇಲೆ ಕೆಳಗಿನ ಸಿಹಿನೀರು ಹೊಂಡಕ್ಕೆ ಇಳಿಯುವ ದಾರಿಯನ್ನು ಪೆನ್ಸಿಲಿನಲ್ಲಿ ಬರೆದು ತಂದರು.