ಸರ್ಕಾರಿ ಹರಾಜಿನಲ್ಲಿ ಹಳೆ ಬೋಟು ಅಗ್ಗಕ್ಕೆ ಸಿಗುವುದು ನಿಜವೇ?

ಹೊನ್ನಾವರದ ಕಡೆ ಮನೆ, ಶರಾವತಿಯಲ್ಲಿ ಮನೆಮಂದಿ ಓಡಾಡಲು ಫೈಬರ್ ಬೋಟು ಬೇಕು, ಮುಂದೆ ಪ್ರವಾಸಿಗರನ್ನೂ ಕೂರಿಸುವ ಆಲೋಚನೆ ಇದೆ, ಹರಾಜಿನಲ್ಲಿ ಕಡಿಮೆಗೆ ಸಿಗುತ್ತದಂತೆ ಹೌದಾ ಎಂದು ಕೇಳಿದ್ದೀರಿ. ಹೌದು, ಸಿಗುತ್ತದೆ. ಮಲ್ಪೆಯಲ್ಲಿ ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂಬದಿಗೆ ತೂಗುಹಾಕುವ ಎಂಜಿನ್) ರಿಪೇರಿ ನನ್ನ ಕಸುಬು. ಹರಾಜಿನಲ್ಲಿ ಎರಡು ಬೋಟು ಕೊಂಡಿದ್ದೇನೆ. ಒಂದರಲ್ಲಿ ಕೈ ಸುಟ್ಟುಕೊಂಡೆ, ಇನ್ನೊಂದು ಈಗಲೂ ನೀರಿನಲ್ಲಿದೆ.

ಮೊದಲು ಎಲ್ಲಿ ಹುಡುಕಬೇಕು ಎಂಬುದು. ಕೇಂದ್ರ ಸರ್ಕಾರದ ಇಲಾಖೆಗಳು ತಮಗೆ ಬೇಡವಾದ ಸಾಮಾನಿನ ಅಂದಾಜು ಬೆಲೆ 2 ಲಕ್ಷ ದಾಟಿದರೆ ಟೆಂಡರ್ ಕರೆದೋ ಬಹಿರಂಗ ಹರಾಜು ಹಾಕಿಯೋ ಮಾರಬೇಕು. 2017ರ ಸಾಮಾನ್ಯ ಹಣಕಾಸು ನಿಯಮದಲ್ಲೇ ಇದೆ. ಇಂಥ ಹರಾಜು ಹೆಚ್ಚಾಗಿ ನಡೆಯುವುದು ಉಕ್ಕು ಸಚಿವಾಲಯದ ಕೆಳಗಿರುವ ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಪೋರ್ಟಲ್‌ನಲ್ಲಿ. ಸರ್ಕಾರಿ ಇಲಾಖೆಗಳು ಸಾಮಾನು ಕೊಳ್ಳುವ ಜೆಮ್ ಪೋರ್ಟಲ್‌ನಲ್ಲೂ ಹರಾಜಿನ ವಿಭಾಗವಿದೆ. ಕಳ್ಳಸಾಗಣೆಯಲ್ಲಿ ಕಸ್ಟಮ್ಸ್‌ನವರು ಹಿಡಿದ ಬೋಟುಗಳೂ ಹರಾಜಿಗೆ ಬರುವುದುಂಟು. ಮುಟ್ಟುಗೋಲು ಆದೇಶವಾದರೆ 1962ರ ಕಸ್ಟಮ್ಸ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಆದರೂ ಮೇಲ್ಮನವಿ ಏನಾದರೂ ಬಾಕಿ ಇದೆಯಾ ಎಂದು ಕೇಳಿಕೊಳ್ಳಿ.

ಈಗ ಅಗ್ಗದ ಗುಟ್ಟಿಗೆ ಬರುತ್ತೇನೆ. ಹರಾಜಿನಲ್ಲಿ ನಿಮ್ಮ ಎದುರಿಗೆ ನಿಲ್ಲುವವರು ಮೀನುಗಾರರಲ್ಲ, ಗುಜರಿ ವ್ಯಾಪಾರಿಗಳು. ಅವರದು ಕಿಲೋ ಲೆಕ್ಕ. ಅಲ್ಯೂಮಿನಿಯಂ, ಉಕ್ಕು, ಹಿತ್ತಾಳೆಯ ಪ್ರೊಪೆಲ್ಲರ್, ಸ್ಟೀಲ್ ಶಾಫ್ಟ್ ಇದ್ದರೆ ಬಿಡುವುದೇ ಇಲ್ಲ. ಫೈಬರ್ ಕರಗಿಸಲು ಬರುವುದಿಲ್ಲ, ಗುಜರಿಯಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಹಾಗಾಗಿ ಎಂಜಿನ್ ಇಲ್ಲದ ಬರಿಯ ಫೈಬರ್ ಮೈ ಇರುವ ಲಾಟು (ಒಟ್ಟಿಗೆ ಹರಾಜಿಗಿಟ್ಟ ಮಾಲು) ಬಂದಾಗ ಅವರು ಹಿಂದೆ ಸರಿಯುತ್ತಾರೆ. ನಿಮ್ಮ ಅವಕಾಶ ಅಲ್ಲಿದೆ. ಬೋಟು ನಿಲ್ಲುವ ದಕ್ಕೆಯಿಂದ ದೂರ, ಯಾವುದೋ ಕಚೇರಿಯ ಹಿಂದೆ ಬಿದ್ದಿದ್ದರಂತೂ ಇನ್ನೂ ಒಳ್ಳೆಯದು. ಕ್ರೇನ್, ಲಾರಿ ಖರ್ಚಿಗೆ ಹೆದರಿ ಉಳಿದವರೂ ಬರುವುದಿಲ್ಲ.

ನಾನು ಮೊದಲು ಮಾಡಿದ್ದು ಇದರ ಉಲ್ಟಾ. ಎರಡು ಎಂಜಿನ್ ಇದ್ದ ಬೋಟಿನ ಫೋಟೊ ನೋಡಿ, ಸ್ಥಳಕ್ಕೆ ಹೋಗದೆ ಬಿಡ್ ಹಾಕಿದೆ. ಮನೆಗೆ ತಂದು ಗೇರ್‌ಕೇಸಿನ ಸ್ಕ್ರೂ ಬಿಚ್ಚಿದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗೆ ಸುರಿಯಿತು. ಸೀಲ್ ಹೋಗಿ, ಉಪ್ಪುನೀರು ಒಳಗೆ ನಿಂತು, ಬೇರಿಂಗ್ ಪೂರ್ತಿ ತುಕ್ಕು. ಎರಡನೆಯದರ ಸಿಲಿಂಡರ್ ಹಿಡಿದುಕೊಂಡಿತ್ತು. ಬಿಡಿಭಾಗಗಳ ಬೆಲೆ ಕೇಳಿ ಎರಡು ದಿನ ಊಟ ಸೇರಲಿಲ್ಲ. ದೂರು ಕೊಡಲೂ ಆಗುವುದಿಲ್ಲ, ಏಕೆಂದರೆ ಮಾಲು ಇದ್ದ ಸ್ಥಿತಿಯಲ್ಲಿ, ಇದ್ದ ಜಾಗದಲ್ಲಿ, ಯಾವ ತಕರಾರಿಲ್ಲದೆ ಎಂಬ ಷರತ್ತಿಗೆ ಒಪ್ಪಿಯೇ ಬಿಡ್ ಹಾಕಿರುತ್ತೇವೆ.

ಎರಡನೆಯದನ್ನು ನೋಡಲು ಸುತ್ತಿಗೆ, ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಹೋದೆ. 22 ಅಡಿಯ ಫೈಬರ್ ಬೋಟು, ಒಳಗೆ ಮೊಣಕಾಲುದ್ದ ಮಳೆನೀರು, ಕೊಳೆತ ಗೋಳಿ ಎಲೆ. ನೀರು ನಿಂತಿದೆಯಲ್ಲ ಎಂದು ನನಗೆ ಸಮಾಧಾನವೇ ಆಯಿತು, ತಳ ಸೋರುತ್ತಿಲ್ಲ ಎಂದಾಯಿತು! ಸುತ್ತಿಗೆಯ ಮರದ ಹಿಡಿಯಿಂದ ಮೈಯುದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಹಲಸಿನ ಹಣ್ಣು ತಟ್ಟಿದ ಹಾಗೆ ಬೊದ್ದು ಶಬ್ದ. ಎಂಜಿನ್ ತೂಗುಹಾಕುವ ಹಿಂದಿನ ಹಲಗೆಯ ಬೋಲ್ಟು ತೂತಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಕಪ್ಪು ಪುಡಿ ಬಂತು. ಒಳಗಿನ ಪ್ಲೈವುಡ್ ಕೊಳೆತಿದೆ ಎಂದರ್ಥ. ಅದು ದುರಸ್ತಿಯಾಗುವ ರೋಗ, ಆದರೆ ಖರ್ಚು ಬಿಡ್‌ಗೆ ಮೊದಲೇ ಲೆಕ್ಕಕ್ಕೆ ಬರಬೇಕು. 70 ಸಾವಿರಕ್ಕೆ ಮೈ ಸಿಕ್ಕಿತು. ತೆರಿಗೆ, ಕ್ರೇನ್, ಲಾರಿ, ಹಲಗೆ, ಬಣ್ಣ ಸೇರಿ ಇನ್ನೂ ಅಷ್ಟೇ, ಸ್ವಲ್ಪ ಹೆಚ್ಚೇ ಹೋಯಿತು. ಎಂಜಿನ್ ಬೇರೆ.

ಬಿಡ್ ಹಾಕುವಾಗ ಕೊನೆ ನಿಮಿಷಕ್ಕೆ ಹೊಂಚು ಹಾಕಿ ಫಲವಿಲ್ಲ, ಕೊನೆಯಲ್ಲಿ ಬಿಡ್ ಬಿದ್ದರೆ ಸಮಯ ತಾನಾಗಿ ಮುಂದಕ್ಕೆ ಹೋಗುತ್ತದೆ. ನಿಮ್ಮ ಮಿತಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂತುಕೊಳ್ಳಿ. ಗೆದ್ದರೂ ಕೆಲವು ಲಾಟುಗಳಿಗೆ ಇಲಾಖೆಯ ಒಪ್ಪಿಗೆ ಬರುವವರೆಗೆ ಕಾಯಬೇಕು. ಒಪ್ಪಿಗೆ ಬಂದ ಮೇಲೆ ಹೇಳಿದ ದಿನದೊಳಗೆ ಎತ್ತದಿದ್ದರೆ ನೆಲಬಾಡಿಗೆ ಬೀಳುತ್ತದೆ. ಠೇವಣಿ ಪೋರ್ಟಲ್ ಮೂಲಕ ಮಾತ್ರ ಕಟ್ಟಿ. "ಒಳಗಿಂದ ಮಾಡಿಸಿಕೊಡುತ್ತೇನೆ" ಎನ್ನುವವರ ಕೈಗೆ ಒಂದು ರೂಪಾಯಿಯೂ ಬೇಡ.

ಪ್ರವಾಸಿಗರ ಮಾತು ಎತ್ತಿದ್ದೀರಲ್ಲ, ಅದನ್ನು ಗಟ್ಟಿಯಾಗಿಯೇ ಹೇಳಬೇಕು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಅದು ಮೀನುಗಾರಿಕೆ ಬೋಟನ್ನು ಪ್ರವಾಸಿ ಬೋಟಾಗಿ ಬದಲಿಸಿದ್ದು, ಮೇಲೆ ಮಿತಿಮೀರಿ ಜನ. ಆ ಸುದ್ದಿ ಓದಿದ ಮೇಲೆ ಬೋಟು ಬದಲಿಸಿಕೊಡಿ ಎಂದು ಬಂದ ಇಬ್ಬರನ್ನು ನಾನು ವಾಪಸು ಕಳಿಸಿದ್ದೇನೆ. ನದಿಯಲ್ಲಿ ಎಂಜಿನ್ ಬೋಟು ಓಡಿಸಲು 2021ರ ಒಳನಾಡು ಹಡಗು ಕಾಯ್ದೆಯಡಿ ತಪಾಸಣೆ, ನೋಂದಣಿ ಬೇಕು. ಹರಾಜಿನ ರಸೀದಿ ಮಾಲೀಕತ್ವ ಕೊಡುತ್ತದೆ, ಜನ ಕೂರಿಸುವ ಹಕ್ಕು ಕೊಡುವುದಿಲ್ಲ. ಹರಾಜಿನ ಮಾಲಿನ ವಿವರವಿರುವ ಕ್ಯಾಟಲಾಗ್ ಸಿಕ್ಕಿದ ದಿನವೇ ಪ್ರಿಂಟ್ ಹಿಡಿದು ನಿಮ್ಮ ಕಡೆಯ ಬಂದರು ಕಚೇರಿಗೆ ಹೋಗಿ. ಇದಕ್ಕೆ ನೋಂದಣಿ ಆಗುತ್ತದಾ, ಎಷ್ಟು ಜನರಿಗೆ, ಯಾವ ಕಾಗದ ಬೇಕು ಎಂದು ಕೇಳಿ. ಆಗುವುದಿಲ್ಲ ಎಂದರೆ ಎಷ್ಟೇ ಅಗ್ಗವಿದ್ದರೂ ಆ ಲಾಟು ಬಿಟ್ಟುಬಿಡಿ.