ಬೈಕಿನ ಚಾವಿ ಕೊಟ್ಟವರು ಯಾರು?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಮ್ಮದು ಕುಮಟಾ ತಾಲೂಕಿನ ಘಟ್ಟದ ಬುಡದ ಹಳ್ಳಿ. ಹೋದ ತಿಂಗಳು ನನ್ನ ಮೈದುನ ಸ್ನೇಹಿತರ ಮನೆಯ ಗೃಹಪ್ರವೇಶದ ರಾತ್ರಿಯೂಟ ಮುಗಿಸಿ ಬೈಕಿನಲ್ಲಿ ಬರುವಾಗ ಪೊಲೀಸರು ತಡೆದು ಊದಿಸಿದರು. ಯಂತ್ರ 84 ತೋರಿಸಿತಂತೆ. ಬೈಕು ನನ್ನ ಮಾವನವರ ಹೆಸರಿನಲ್ಲಿದೆ. ಅದನ್ನು ಠಾಣೆಯಲ್ಲಿಟ್ಟುಕೊಂಡು, ಕೋರ್ಟಿಗೆ ಬರಲು ನೋಟಿಸು ಕೊಟ್ಟಿದ್ದಾರೆ. ಮನೆಯವರು ಪರಿಚಯದ ಮುಖಂಡರೊಬ್ಬರಿಂದ ಠಾಣೆಗೆ ಫೋನು ಮಾಡಿಸಲು ಹೊರಟಾಗ ನಾನು ಬೇಡವೆಂದು ಹಟ ಹಿಡಿದೆ. ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. 'ಎರಡೇ ಪೆಗ್ಗು, ಅದೂ ಹೊಟ್ಟೆ ತುಂಬ ಊಟ ಮಾಡಿ ಮಜ್ಜಿಗೆ ಕುಡಿದು ಹೊರಟದ್ದು, ನಮ್ಮೂರ ರಸ್ತೆ ಬೇರೆ' ಎನ್ನುತ್ತಾನೆ ಮೈದುನ. ನಾನು ಮಾಡಿದ್ದು ತಪ್ಪೇ? ಬಾರುಗಳನ್ನು ಮುಚ್ಚಿಸಿ ಎಂದು ಪತ್ರಿಕೆಯವರು ಯಾಕೆ ಬರೆಯುವುದಿಲ್ಲ? ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಫೋನು ಮಾಡಿಸಿದ್ದರೆ ಏನಾಗುತ್ತಿತ್ತು? ಹೆಲ್ಮೆಟ್ ಹಾಕದಿದ್ದಕ್ಕೆ ರಸ್ತೆಯ ಬದಿಯಲ್ಲೇ ದಂಡ ಕಟ್ಟಿ ರಸೀದಿ ಪಡೆಯಬಹುದು. ಕುಡಿದು ಓಡಿಸಿದ್ದಕ್ಕೆ ಆ ಸೌಲಭ್ಯವಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಸ್ಥಳದಲ್ಲೇ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು. ಮೊದಲ ಸಲ ಸಿಕ್ಕಿಬಿದ್ದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮೊದಲು ಇದೇ ತಪ್ಪಿಗೆ ಎರಡು ಸಾವಿರ ರೂಪಾಯಿ ಕಟ್ಟಿ ಬರಬಹುದಿತ್ತು. ಆ ಹಳೆಯ ಲೆಕ್ಕ ಇನ್ನೂ ಎಷ್ಟೋ ಜನರ ತಲೆಯಲ್ಲಿದೆ. ಅಪರಾಧ ಸಾಬೀತಾದರೆ ಕನಿಷ್ಠ ಆರು ತಿಂಗಳು ಲೈಸನ್ಸಿಗೆ ಅನರ್ಹಗೊಳಿಸಬೇಕು ಎಂಬ ಮಾತೂ ಕಾಯ್ದೆಯಲ್ಲಿದೆ. ಮುಖಂಡರ ಒಂದು ಫೋನಿನಿಂದ ಇದೆಲ್ಲ ಕರಗಿಹೋಗಿದ್ದರೆ ಅದರರ್ಥ ಠಾಣೆಯಲ್ಲಿ ಯಾರೋ ಒಂದು ಕಾಗದ ಹರಿದು ಹಾಕಿದರು ಎಂದು. ಮುಂದಿನ ಗೃಹಪ್ರವೇಶಕ್ಕೆ ನಿಮ್ಮ ಮೈದುನ ಇನ್ನಷ್ಟು ಧೈರ್ಯವಾಗಿ ಹೋಗುತ್ತಿದ್ದರು. ಆ ಮುಖಂಡರಿಗೂ ನಿಮ್ಮ ಮನೆಯ ಓಟುಗಳು ಖಾತ್ರಿಯಾಗುತ್ತಿದ್ದವು.

ಈಗ ಆ 'ಎರಡೇ ಪೆಗ್ಗಿ'ಗೆ ಬರೋಣ. ನಿಮ್ಮ ಮೈದುನ ಸುಳ್ಳು ಹೇಳುತ್ತಿಲ್ಲ ಎಂದೇ ನನ್ನ ನಂಬಿಕೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮು, ಬ್ರಾಂಡಿಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದು ಬರೆದಿರುತ್ತದೆ. ದೊಡ್ಡ ಪೆಗ್ಗು ಎಂದರೆ 60 ಮಿಲಿಲೀಟರು. ಅಂಥ ಎರಡು ಪೆಗ್ಗಿನಲ್ಲಿ ಹೆಚ್ಚುಕಡಿಮೆ 40 ಗ್ರಾಂ ಅಪ್ಪಟ ಆಲ್ಕೋಹಾಲ್ ಇರುತ್ತದೆ. ಅರವತ್ತು ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು ಬೆರೆತಾಗ 100 ಮಿಲಿಲೀಟರಿಗೆ 80ರಿಂದ 100 ಮಿಲಿಗ್ರಾಂ ಆಗುತ್ತದೆ. ಕಾನೂನಿನ ಮಿತಿ 30. ಯಂತ್ರ 84 ತೋರಿಸಿದೆ. ಎಂದರೆ ಯಂತ್ರವೂ ಸರಿ, ನಿಮ್ಮ ಮೈದುನನ ಮಾತೂ ಸರಿ. ಎರಡು ಪೆಗ್ಗು ಏನೂ ಅಲ್ಲ ಎಂಬ ಊರಿನ ತಿಳಿವಳಿಕೆ ಮಾತ್ರ ತಪ್ಪು. ಒಂದೇ ದೊಡ್ಡ ಪೆಗ್ಗಿಗೆ ಮಿತಿ ದಾಟಿಹೋಗುತ್ತದೆ. 'ನಾನು ಬರೀ ಬಿಯರು' ಎನ್ನುವವರಿಗೂ ಒಂದು ಮಾತು: ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಇರುವುದೂ ಅದೇ 40 ಗ್ರಾಂ.

ಮಜ್ಜಿಗೆಯ ವಿಷಯ. ನಮ್ಮ ಕಡೆ ಮಜ್ಜಿಗೆ, ಕಾರವಾರದ ಕಡೆ ಸೋಲ್ಕಡಿ, ಪೇಟೆಯಲ್ಲಿ ಕಟ್ಟಾ ಕಾಫಿ, ಲಿಂಬೆಹಣ್ಣು, ತಲೆಗೆ ತಣ್ಣೀರು. ಒಂದೊಂದು ಊರಿಗೆ ಒಂದೊಂದು ಮದ್ದು. ಹೊಟ್ಟೆಯಲ್ಲಿ ಅನ್ನವಿದ್ದರೆ ಮದ್ಯ ರಕ್ತ ಸೇರುವುದು ತುಸು ತಡವಾಗುತ್ತದೆ, ನಿಜ. ಆದರೆ ಸೇರಿದ್ದನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಯಕೃತ್ತಿನದು. ಅದು 100 ಮಿಲಿಲೀಟರು ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಮಿನಷ್ಟು ಇಳಿಸುತ್ತದೆ. ಮಜ್ಜಿಗೆ ಕುಡಿದರೆಂದು ಅದು ಅವಸರ ಮಾಡುವುದಿಲ್ಲ. 84 ಇದ್ದದ್ದು 30ಕ್ಕೆ ಇಳಿಯಲು ಮೂರೂವರೆ ಗಂಟೆಗಿಂತ ಹೆಚ್ಚು ಬೇಕು. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿ, ಬೆಳಗಿನ ಆರಕ್ಕೆ ಎದ್ದು ಮುಖ ತೊಳೆದು ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವವನ ರಕ್ತದಲ್ಲೂ ಮಿತಿ ಮೀರಿದ ಮದ್ಯ ಉಳಿದಿರಬಹುದು. ಅವನನ್ನು ಕುಡುಕನೆಂದು ಯಾರೂ ಕರೆಯುವುದಿಲ್ಲ. ಅವನಿಗೇ ಗೊತ್ತಿರುವುದಿಲ್ಲ.

'ನಮ್ಮೂರ ರಸ್ತೆ' ಎಂಬ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಗೊತ್ತಿರುವ ರಸ್ತೆಯೆಂದೇ ವೇಗ ಹೆಚ್ಚುತ್ತದೆ, ಹೆಲ್ಮೆಟ್ಟು ಹ್ಯಾಂಡಲಿಗೆ ಹೋಗುತ್ತದೆ. ಎಲ್ಲಿ ತಿರುವು ಎಂಬುದು ಅವರಿಗೆ ಗೊತ್ತಿದೆ. ತಿರುವಿನಲ್ಲಿ ಇವತ್ತು ರಾತ್ರಿ ಏನಿದೆ ಎಂಬುದು ಗೊತ್ತಿಲ್ಲ. ದೇವಿಮನೆ ಘಟ್ಟದಲ್ಲಿ ಮಳೆಗಾಲದ ಮಂಜು ಮುಸುಕಿದ ರಾತ್ರಿ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ, ಕುಡಿಯದವನ ಕಣ್ಣೂ ಒಂದೆರಡು ಕ್ಷಣ ಕುರುಡಾಗುತ್ತದೆ. ಕುಡಿದವನ ಕಣ್ಣು ಸಾವರಿಸಿಕೊಳ್ಳುವುದು ಇನ್ನೂ ತಡ. ಕೆಳಗೆ ಹೆದ್ದಾರಿ 66ರಲ್ಲಿ ಬೆಚ್ಚನೆಯ ಡಾಂಬರು ಕಂಡು ದನಗಳು ಮಲಗಿರುತ್ತವೆ. ಕಾರಿನವನು ತಪ್ಪು ಮಾಡಿದರೂ ಸುತ್ತ ತಗಡಿದೆ. ಬೈಕಿನವನಿಗೆ ಅಷ್ಟೂ ಇಲ್ಲ, ಮೇಲಾಗಿ ಎರಡು ಚಕ್ರದ ಮೇಲೆ ನಿಲ್ಲಲು ಬೇಕಾದ ಸಮತೋಲವನ್ನೇ ಮದ್ಯ ಕೆಡಿಸುತ್ತದೆ.

ಬಿದ್ದ ಮೇಲಿನ ಮಾತನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆಗೆ ಪೆಟ್ಟಾದರೆ ಮಣಿಪಾಲದ ಆಸ್ಪತ್ರೆ, ಇಲ್ಲವೇ ಹುಬ್ಬಳ್ಳಿಯದು, ಕಾರವಾರದವರಿಗೆ ಗೋವೆಯ ಬಾಂಬೋಳಿಯದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಈ ಜಿಲ್ಲೆ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಆಸ್ಪತ್ರೆ ದೂರವಿರುವ ಊರಿನವರು ಹೆಚ್ಚು ಎಚ್ಚರದಿಂದ ಇರಬೇಕಿತ್ತು. ನಾವು ತದ್ವಿರುದ್ಧ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಬಾರು ಮುಚ್ಚಿಸಿ ಎಂದು ನಾವು ಬರೆಯದಿರುವುದು ಬಾರಿನವರ ಜಾಹೀರಾತಿಗೆ ಹೆದರಿ ಅಲ್ಲ. (ಅವರು ನಮಗೆ ಜಾಹೀರಾತು ಕೊಡುವುದೂ ಇಲ್ಲ.) ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆದೇಶಿಸಿತು. ಸಣ್ಣ ಊರುಗಳಿಗೆ ಅದು 220 ಮೀಟರಾಯಿತು. ಆಮೇಲೆ ಪುರಸಭೆ, ನಗರಸಭೆಗಳ ಮಿತಿಯೊಳಗೆ ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆಯೂ ಬಂತು. ಒಳ್ಳೆಯ ಉದ್ದೇಶದ ಆದೇಶವೇ. ಆದರೆ ಹೆದ್ದಾರಿಯ ಅಂಚಿನಿಂದ ಎದ್ದ ಅಂಗಡಿ ಒಳರಸ್ತೆಗೆ ಹೋಗಿ ಕೂತರೆ, ಕುಡಿದವನು ಅಲ್ಲಿಂದಲೇ ಗಾಡಿ ತೆಗೆದು ಅದೇ ಹೆದ್ದಾರಿಗೆ ಬರುತ್ತಾನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಹಳ್ಳಿಯ ಗೂಡಂಗಡಿಗಳಲ್ಲಿ ಮದ್ಯದ ಪ್ಯಾಕೆಟ್ಟು ಮಾರುತ್ತಾರೆ, ನಿಲ್ಲಿಸಿ ಎಂದು ಹೆಂಗಸರು ತಹಸೀಲ್ದಾರರಿಗೆ ಮನವಿ ಕೊಡುವುದು ಮಾತ್ರ ಇನ್ನೂ ನಿಂತಿಲ್ಲ. ಆ ಮನವಿಗಳನ್ನು ನಾವು ಪ್ರಕಟಿಸುತ್ತೇವೆ. ಪರವಾನಗಿಯಿಲ್ಲದ ಮಾರಾಟ ಅಪರಾಧ, ಅದನ್ನು ಮುಚ್ಚಿಸಲೇಬೇಕು.

ಆದರೆ ಗೋವೆಯ ಗಡಿ ಹತ್ತಿರವಿರುವ ಜಿಲ್ಲೆ ನಮ್ಮದು. ಕಾರವಾರದ ಬಾರುಗಳಿಗೆ ಬೀಗ ಹಾಕಿದರೆ ಗಡಿಯ ಮಾಜಾಳಿ ದಾಟಿ ಗೋವೆಯ ಪೋಳೆಗೆ ಹೋಗುವವರು ಹೆಚ್ಚುತ್ತಾರೆ. ಮನೆಯಿಂದ ಒಂದು ಕಿಲೋಮೀಟರು ದೂರದಲ್ಲಿ ಕುಡಿಯುತ್ತಿದ್ದವನು ಹದಿನೈದು ಕಿಲೋಮೀಟರು ದೂರ ಹೋಗಿ ಕುಡಿದು, ಅಷ್ಟೂ ದೂರ ಗಾಡಿ ಓಡಿಸಿಕೊಂಡು ವಾಪಸು ಬರುತ್ತಾನೆ. ಮಾಜಾಳಿಯ ತನಿಖಾ ಠಾಣೆಯಲ್ಲಿ ಅಬಕಾರಿಯವರು ಡಿಕ್ಕಿ ತೆರೆಸಿ ಗೋವಾ ಬಾಟಲಿ ಹುಡುಕುತ್ತಾರೆ. ಹಿಡಿದ ಬಾಟಲಿಗಳನ್ನು ಸಾಲಾಗಿ ಜೋಡಿಸಿ ತೆಗೆದ ಫೋಟೋ ನಮ್ಮ ಮೇಜಿಗೂ ಬರುತ್ತದೆ. ಡಿಕ್ಕಿಯಲ್ಲಿದ್ದದ್ದು ಸಿಕ್ಕಿಬೀಳುತ್ತದೆ, ಹೊಟ್ಟೆಯಲ್ಲಿದ್ದದ್ದು ನಿರಾಯಾಸವಾಗಿ ಗಡಿ ದಾಟುತ್ತದೆ. ಭಾನುವಾರದ ಸಂಜೆ ಅಲ್ಲೇ ಊದುವ ಯಂತ್ರ ಹಿಡಿದು ಇಬ್ಬರು ಪೊಲೀಸರು ನಿಂತರೆ, ಪೇಟೆಯ ಸರ್ಕಲ್ಲಿನಲ್ಲಿ ತಿಂಗಳಿಗೊಮ್ಮೆ ನಿಲ್ಲುವುದಕ್ಕಿಂತ ಹೆಚ್ಚು ಉಪಯೋಗವಾದೀತು.

ಈ ವಿಷಯದಲ್ಲಿ ನಮಗೆ ಬರುವ ಪತ್ರಗಳದ್ದೊಂದು ತಮಾಷೆಯಿದೆ. ಶಿರಸಿ ಸಿದ್ದಾಪುರದವರು ಕರಾವಳಿಯವರ ಕಡೆ ಬೆರಳು ತೋರಿಸುತ್ತಾರೆ. ಕರಾವಳಿಯವರು ಗೋಕರ್ಣ ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗರ ಕಡೆ ತೋರಿಸುತ್ತಾರೆ. ಬಂದರಿನವರು ಲಾರಿಯವರನ್ನು, ತೋಟದವರು ಬಂದರಿನವರನ್ನು. ನಿಮ್ಮದು ತಮ್ಮದೇ ಮನೆಯ ಕಡೆ ಬೆರಳು ತೋರಿಸಿದ ಪತ್ರ. ಇಷ್ಟುದ್ದದ ಉತ್ತರಕ್ಕೆ ಅದೇ ಕಾರಣ.

ನಾನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆ ರಾತ್ರಿ ನಿಮ್ಮ ಮೈದುನ ಬೈಕು ಚಾಲೂ ಮಾಡುವಾಗ ಅಂಗಳದಲ್ಲಿ ಎಷ್ಟು ಜನ ನಿಂತಿದ್ದರು? ಗೃಹಪ್ರವೇಶದ ಮನೆ. ಯಜಮಾನರು ಗೇಟಿನವರೆಗೆ ಬಂದಿರುತ್ತಾರೆ. ಯಾರೋ ಟಾರ್ಚು ಹಿಡಿದಿರುತ್ತಾರೆ. 'ನಿಧಾನ ಹೋಗೋ ಮಾರಾಯ' ಎಂದು ಒಬ್ಬರಾದರೂ ಅಂದಿರುತ್ತಾರೆ. ಎಂದರೆ ಅವರಿಗೆ ಗೊತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಕುಡಿದು ಗಾಡಿ ಓಡಿಸುವವನು ಗುಟ್ಟಾಗಿ ಹೊರಡುವುದಿಲ್ಲ, ನಾಲ್ಕು ಜನರಿಂದ ಬೀಳ್ಕೊಡಿಸಿಕೊಂಡೇ ಹೊರಡುತ್ತಾನೆ. ಪೊಲೀಸರು ಎಲ್ಲ ಒಳರಸ್ತೆಗಳಲ್ಲಿ ನಿಲ್ಲಲಾರರು. ಅಂಗಳದಲ್ಲಿ ನಿಂತವರು ಮಾತ್ರ ಯಾವಾಗಲೂ ಅಲ್ಲೇ ಇರುತ್ತಾರೆ. ಕಾಯ್ದೆ ಮಾಡಿದವರಿಗೂ ಇದು ಹೊಳೆದಿದೆ: 188ನೇ ಕಲಮಿನ ಪ್ರಕಾರ ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಓಡಿಸಿದವನಷ್ಟೇ ಶಿಕ್ಷೆ. ಅಮಲೇರಿದವನ ಕೈಗೆ ತಿಳಿದೂ ತಿಳಿದೂ ತನ್ನ ಬೈಕಿನ ಚಾವಿ ಕೊಟ್ಟು ಕಳಿಸುವವರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮನೆಗೆ ಕರೆದು ಮದ್ಯ ಬಡಿಸುವವರಿಗೆ ಬಡಿಸಬೇಡಿ ಎಂದು ಉಪದೇಶಿಸುವ ಉಮೇದು ನನಗಿಲ್ಲ. ಉಪದೇಶಕ್ಕೆ ಬೇಕಾದಷ್ಟು ಜನ ಇದ್ದಾರೆ. ಆದರೆ ದಿಬ್ಬಣಕ್ಕೆ ಟೆಂಪೋ ಮಾಡುವ ನಾವು, ರಾತ್ರಿ ಹತ್ತರ ಮೇಲೆ ಮನೆಗೆ ಹೋಗುವ ಹುಡುಗರಿಗೆ ಯಾಕೆ ಒಂದು ಟೆಂಪೋ ನಿಲ್ಲಿಸುವುದಿಲ್ಲ? ಹಳ್ಳಿಗೆ ಹೋಗುವ ಕೊನೆಯ ವಸತಿ ಬಸ್ಸು ಸಂಜೆಗೇ ಹೊರಟುಹೋಗಿರುತ್ತದೆ, ಆಟೋದವರು ಅಷ್ಟು ದೂರ ಬರುವುದಿಲ್ಲ, ಬಂದರೂ ಕೇಳುವ ಬಾಡಿಗೆ ಬೇರೆ. ಹೀಗಾಗಿ ಬೈಕು ತರುತ್ತಾರೆ, ತಂದದ್ದನ್ನು ಬಿಟ್ಟುಹೋಗಲು ಒಲ್ಲೆ ಎನ್ನುತ್ತಾರೆ. ಶಾಮಿಯಾನ, ಆರ್ಕೆಸ್ಟ್ರಾ, ಐಸ್‌ಕ್ರೀಮಿನ ಲೆಕ್ಕದ ಪಕ್ಕದಲ್ಲಿ ಟೆಂಪೋ ಬಾಡಿಗೆ ಒಂದು ದೊಡ್ಡ ಮೊತ್ತವೇ ಅಲ್ಲ. ಮಾರಿಕಾಂಬೆಯ ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಡುವ ಸಾರಿಗೆ ಸಂಸ್ಥೆ, ಮದುವೆಯ ತಿಂಗಳುಗಳಲ್ಲಿ ಕುಮಟಾ, ಅಂಕೋಲಾ, ಹೊನ್ನಾವರದಿಂದ ಒಳಹಳ್ಳಿಗಳಿಗೆ ರಾತ್ರಿ ಹತ್ತಕ್ಕೊಂದು ಬಸ್ಸು ಬಿಟ್ಟು ನೋಡಲಿ. ಕುಡಿಯದವರಿಗೂ ಅದು ಬೇಕಾಗಿದೆ.

ನಿಮ್ಮ ಅತ್ತೆಯವರ ವಿಷಯ. ಮಾನದ ಮಾತು ಆಡಿದರೆ ಅವರು ಒಪ್ಪಲಾರರು. ತೋಟದ ಮಾತು ಆಡಿ ನೋಡಿ. ಬೈಕು ನಿಮ್ಮ ಮಾವನವರ ಹೆಸರಿನಲ್ಲಿದೆ ಎಂದು ಬರೆದಿದ್ದೀರಿ. ಕುಡಿದು ಓಡಿಸುವಾಗ ಅಪಘಾತವಾದರೆ ಸ್ವಂತ ಬೈಕಿನ ರಿಪೇರಿಗೆ ವಿಮೆಯ ಹಣ ಬರುವುದಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಇನ್ನೊಬ್ಬರು ಸತ್ತರೆ, ಆ ಕುಟುಂಬಕ್ಕೆ ಕೊಡಬೇಕಾದ ಪರಿಹಾರ ಲಕ್ಷಗಟ್ಟಲೆ. ಅದನ್ನು ವಿಮಾ ಕಂಪನಿ ಮೊದಲು ಕಟ್ಟಿದರೂ ವಾಹನದ ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು. 2019ರ ತಿದ್ದುಪಡಿ ವಿಮಾ ಕಂಪನಿಗಳ ಕೈಗೆ ಈ ಅಸ್ತ್ರವನ್ನು ಸ್ಪಷ್ಟವಾಗಿಯೇ ಕೊಟ್ಟಿದೆ. ಓಡಿಸಿದವನ ಮೇಲಿನ ಕ್ರಿಮಿನಲ್ ಪ್ರಕರಣ ಬೇರೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಹಳೆಯ ದಂಡ ಸಂಹಿತೆಯಲ್ಲಿ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷವಾಗಿದೆ. ನಿಮ್ಮ ಮನೆಯವರು ಈಗ ಗೊಣಗುತ್ತಿರುವ ಹತ್ತು ಸಾವಿರ, ಇದೆಲ್ಲದರ ಮುಂದೆ ಅಗ್ಗದಲ್ಲಿ ಮುಗಿದಂತೆ.

ಮೈದುನ ಅಪರೂಪಕ್ಕೆ ಕುಡಿಯುವವರೋ, ದಿನವೂ ಬೇಕೇಬೇಕು ಎನ್ನುವವರೋ ಎಂದು ನೀವು ಬರೆದಿಲ್ಲ. ಅಪರೂಪಕ್ಕಾದರೆ ಮೇಲೆ ಹೇಳಿದ ಟೆಂಪೋ ಸಾಕು. ದಿನವೂ ಕುಡಿಯುವವರಾದರೆ ಅದು ಕಾಯಿಲೆ. ದೇವರ ಮುಂದೆ ಆಣೆ ಮಾಡಿಸಿ ಒಂದೇ ದಿನಕ್ಕೆ ನಿಲ್ಲಿಸಲು ಹೋಗಬೇಡಿ. ವರ್ಷಗಟ್ಟಲೆ ವಿಪರೀತ ಕುಡಿದವರು ತಟ್ಟನೆ ಬಿಟ್ಟಾಗ ಕೈಕಾಲು ನಡುಕ, ಫಿಟ್ಸು, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾದಲ್ಲಿಯೇ ಬಿಡಿಸಬೇಕು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮನೆಯವರೂ ಕರೆ ಮಾಡಬಹುದು.

ಕೋರ್ಟಿನ ದಿನ ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಫೋನು ಬೇಡವೆಂದವರೇ ಪಕ್ಕದಲ್ಲಿ ನಿಂತರೆ, ನಿಮ್ಮ ಹಟ ಅವರ ಮೇಲಿನ ದ್ವೇಷದಿಂದಲ್ಲ ಎಂದು ಮನೆಯವರಿಗೆ ತಿಳಿಯುತ್ತದೆ. ಯಂತ್ರದ ಚೀಟಿ, ಲೈಸನ್ಸು, ಬೈಕಿನ ಕಾಗದಪತ್ರ, ವಿಮೆಯ ಪ್ರತಿ ಇಟ್ಟುಕೊಂಡಿರಿ. ತಪ್ಪೊಪ್ಪಿಕೊಳ್ಳುವುದೋ ಬೇಡವೋ ಎಂಬುದನ್ನು ವಕೀಲರ ಹತ್ತಿರ ಕೇಳಿಯೇ ನಿರ್ಧರಿಸಿ. ಖರ್ಚಿಗೆ ತೊಂದರೆಯಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಂಗಸರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ನೆರವು ಸಿಗುತ್ತದೆ, ಗಂಡಸರಿಗೆ ಆದಾಯ ಪ್ರಮಾಣಪತ್ರ ಕೇಳಬಹುದು. ಲೈಸನ್ಸು ಅಮಾನತಾದರೆ ಆ ಅವಧಿ ಮುಗಿಯುವವರೆಗೆ ಬೈಕಿನ ಚಾವಿ ಮಾವನವರ ಹತ್ತಿರವಲ್ಲ, ನಿಮ್ಮ ಹತ್ತಿರವೇ ಇರಲಿ.