ಶ್ರವಣಾತೀತ ಶಬ್ದದ ಯಂತ್ರ ಹಾಕಿದರೂ ದ್ರಾಕ್ಷಿಗೆ ಬಾವಲಿ ಬರುವುದೇಕೆ?

ಬಾವಲಿ ಓಡಿಸಲು ನಮ್ಮ ಕಿವಿಗೆ ಕೇಳಿಸದ ಶಬ್ದ ಹೊರಡಿಸುವ ಯಂತ್ರ ಹಾಕಿದರೂ ಹಣ್ಣಿನ ಹಾನಿ ನಿಂತಿಲ್ಲವೆಂದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನೀವು ವಿವರಿಸಿ ಕೇಳಿದ್ದೀರಿ. ನಿಮ್ಮ ದ್ರಾಕ್ಷಿ ಪಡದಲ್ಲಿ (ತೋಟದಲ್ಲಿ) ಯಂತ್ರ ಕೆಲಸ ಮಾಡದಿರುವುದಕ್ಕೆ ಬಹುಶಃ ಕಾರಣವೆಂದರೆ, ಹಣ್ಣು ತಿನ್ನುವ ಬಾವಲಿಗಳು ಆಹಾರವನ್ನು ಮುಖ್ಯವಾಗಿ ವಾಸನೆ ಮತ್ತು ದೃಷ್ಟಿಯಿಂದ ಹುಡುಕುತ್ತವೆಯೇ ಹೊರತು ಪ್ರತಿಧ್ವನಿಯಿಂದಲ್ಲ. ಗಂಟಲಿನಿಂದ ನಮಗೆ ಕೇಳಿಸದ ಶಬ್ದ ಹೊರಡಿಸಿ, ಅದರ ಮರುದನಿಯಿಂದ ಹಾರುವ ಹುಳುವನ್ನು ಹಿಡಿಯುವವು ಸಣ್ಣ ಕೀಟಾಹಾರಿ ಬಾವಲಿಗಳು. ಅವು ಹಣ್ಣನ್ನು ಮುಟ್ಟುವುದಿಲ್ಲ, ಪತಂಗಗಳನ್ನು ತಿಂದು ರೈತನಿಗೆ ಉಪಕಾರವನ್ನೇ ಮಾಡುತ್ತವೆ. ಹಣ್ಣು ತಿನ್ನುವವುಗಳಲ್ಲಿ ಗುಹೆ, ಪಾಳು ಕಟ್ಟಡಗಳಲ್ಲಿ ನೆಲೆಸುವ ಒಂದು ಬಗೆ ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡಿ ಕತ್ತಲಲ್ಲಿ ದಾರಿ ಕಂಡುಕೊಳ್ಳುತ್ತದೆ, ಆದರೆ ಹಣ್ಣಿನ ಪಕ್ವತೆಯನ್ನು ತಿಳಿಸುವುದು ಅದಕ್ಕೂ ಮೂಗೇ.

ಮೊದಲು ಹಾನಿ ಯಾರದೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ನಿಮ್ಮ ವಿವರಣೆಯಿಂದ ಹಕ್ಕಿಗಳ ಪಾತ್ರವನ್ನು ತಳ್ಳಿಹಾಕಲಾಗದು: ರಾತ್ರಿ ಕಳೆದ ಮೇಲೆ ಬಳ್ಳಿಯ ಅಥವಾ ಹತ್ತಿರದ ಮರದ ಕೆಳಗೆ ರಸ ಹೀರಿ ಉಗುಳಿದ ಸಿಪ್ಪೆಯ ಉಂಡೆಗಳಿದ್ದರೆ ಅದು ಬಾವಲಿಯೇ. ಆ ಬಳಿಕ ಉದುರಿದ, ಅತಿಯಾಗಿ ಮಾಗಿದ ಹಣ್ಣನ್ನು ಪ್ರತಿದಿನ ಸಂಜೆಯೊಳಗೆ ಆರಿಸಿ ಮಣ್ಣಿನಲ್ಲಿ ಹೂಳಿರಿ. ವಾಸನೆಯೇ ಅವುಗಳಿಗೆ ಕರೆಯೋಲೆ. ನಂತರ ಚಪ್ಪರದ ಮೇಲೂ ಬದಿಗಳಲ್ಲೂ ಬಿಳಿಯ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿರಿ, ಅದರ ಕಣ್ಣು 5 ಮಿ.ಮೀ.ಗಿಂತ ಚಿಕ್ಕದಿರಲಿ, ಏಕೆಂದರೆ ಸಡಿಲ ಬಲೆಯಲ್ಲಿ ರೆಕ್ಕೆ ಸಿಕ್ಕಿ ಬಾವಲಿಗಳು ಸಾಯುತ್ತವೆ. ದೀಪ, ಪಟಾಕಿಗಳಿಗೆ ಅವು ಬೇಗ ಒಗ್ಗಿಕೊಳ್ಳುವುದರಿಂದ ಅವುಗಳಿಗೆ ಹಣ ಸುರಿಯುವುದು ವ್ಯರ್ಥ. ಕಚ್ಚಿದ ಹಣ್ಣನ್ನು ಮನೆಯವರಿಗಾಗಲಿ ದನಗಳಿಗಾಗಲಿ ಕೊಡಬೇಡಿ.